ಗಡಿಯಾರದ ಗುರು

ನಮ್ಮ ಪೂರ್ವಿಕರು ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟು, ಅದು ಮುಳುಗುವ 24 ನಿಮಿಷಗಳ ಅವಧಿಯನ್ನು ಘಳಿಗೆಯೆಂದೆಣಿಸಿದರು. ಬಟ್ಟಲಿನ ಬಳಿ ಒಬ್ಬನು ಎಚ್ಚರದಿಂದ ಕಾದಿರಬೇಕಾಗಿತ್ತು. ಜರ್ಮನಿಯಲ್ಲಿ ಆ ಎಚ್ಚರಿಕೆಯ ಭಾರವನ್ನು ರೇಡಿಯೋ ತರಂಗವು ಹೊತ್ತಿದೆ.

ಫ್ರಾಂಕ್‌ಫರ್ಟ್ ಸಮೀಪದ ಮೈನ್‌ಫ್ಲಿಂಗೆನ್‌ನಿಂದ 1959ರಲ್ಲಿ ಆರಂಭವಾದ 77.5 ಕಿಲೋಹರ್ಟ್ಸ್ ಪ್ರಸಾರಕ್ಕೆ, 1973ರಲ್ಲಿ ದಿನಾಂಕ ಮತ್ತು ಕಾಲಗಳ ಸಂಕೇತವು ಸೇರಿತು. ಸೀಸಿಯಂ ಪರಮಾಣುಗಡಿಯಾರವೇ ಇದಕ್ಕೆ ಆಧಾರ. ಪ್ರತಿ ಸೆಕೆಂಡಿನ ಆದಿಯಲ್ಲಿಯೂ ತರಂಗದ ಬಲವು ಕುಗ್ಗುವುದು. ಸೆಕೆಂಡಿನ ಹತ್ತರಲ್ಲೊಂದು ಭಾಗ ಕುಗ್ಗಿದರೆ ಸೊನ್ನೆ, ಎರಡು ಭಾಗ ಕುಗ್ಗಿದರೆ ಒಂದು. ನಿಮಿಷದ ಕಡೆಯ ಸೆಕೆಂಡಿನಲ್ಲಿ ಮಾತ್ರ ಕುಗ್ಗದು; ಆ ನಿಶ್ಚಲತೆಯೇ ಹೊಸ ನಿಮಿಷದ ಮುನ್ಸೂಚನೆ.

1990ರಲ್ಲಿ ಯುಂಗ್‌ಹಾನ್ಸ್ ಸಂಸ್ಥೆಯು ಈ ಸಂಕೇತವನ್ನು ಗ್ರಹಿಸುವ ಕೈಗಡಿಯಾರವನ್ನೇ ಹೊರತಂದಿತು. ಅದರ ಆಂಟೆನಾ ಪಟ್ಟಿಯೊಳಗಿತ್ತು.

ತರಂಗವು ದೊರೆಯದಿದ್ದರೆ ಈ ಗಡಿಯಾರವೂ ಉಳಿದವುಗಳಂತೆ ಮೆಲ್ಲನೆ ತಪ್ಪಲಾರಂಭಿಸುವುದು. ತನ್ನನ್ನು ತಾನೇ ತಿದ್ದಿಕೊಳ್ಳುವುದೆಂದು ನಾವು ಕೊಂಡಾಡುವ ಯಂತ್ರಕ್ಕೂ ಗುರೂಪದೇಶವು ಅನಿವಾರ್ಯವೆಂಬುದನ್ನು ವಾಚಕರು ಮರೆಯಲಾಗದು.