ಹೆರಿಗೆಯ ಆಸುಪಾಸಿನ ಸೀತಾಳೆ ಸಿಡುಬು: ಶೇ. 30 ಮತ್ತು ಶೇ. 7ರ ಮರುಓದು

ಗರ್ಭಿಣಿಗೆ ಸೀತಾಳೆ ಸಿಡುಬು ತಗುಲಿದರೆ ಕೂಸಿಗೆ ಊನವಾಗಬಹುದೆಂದು 1947ರಲ್ಲಿ ಲಫೋರೆ ಮತ್ತು ಲಿಂಚ್ ಮೊದಲು ವರದಿ ಮಾಡಿದರು. 1994ರಲ್ಲಿ ಎಂಡರ್ಸ್ ಮತ್ತು ಸಂಗಡಿಗರು ಸೋಂಕು ತಗುಲಿದ 1,373 ಗರ್ಭಿಣಿಯರನ್ನು ಗಮನಿಸಿ ಅಪಾಯವನ್ನು ಅಳೆದರು: ಮೊದಲ 12 ವಾರಗಳಲ್ಲಿ ಶೇ. 0.4, 13ರಿಂದ 20ನೇ ವಾರದವರೆಗೆ ಶೇ. 2. ಇದರ ಬಗ್ಗೆ ಈಗ ದೊಡ್ಡ ತಕರಾರಿಲ್ಲ.

ತಕರಾರಿರುವುದು ಹೆರಿಗೆಯ ದಿನಗಳ ಬಗ್ಗೆ. ಹೆರಿಗೆಗೆ 5 ದಿನ ಮುಂಚಿನಿಂದ 2 ದಿನ ನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ, ವೈರಾಣು ಕೂಸಿಗೆ ದಾಟಬಹುದು; ಪ್ರತಿಕಾಯ ದಾಟಲು ಮಾತ್ರ ವೇಳೆ ಸಾಲದು. ಇಂಥ ಕೂಸುಗಳಲ್ಲಿ ಸಾವು ಶೇ. 30ರಷ್ಟು ಎಂಬ ಮಾತು 1974ರ ಮೇಯರ್ಸ್ ಲೇಖನದಿಂದ ಬಂತು. 1985ರಲ್ಲಿ ಪ್ರೆಬ್ಲಡ್ ಮತ್ತಿತರರು ಅದನ್ನು ಸುಮಾರು ಶೇ. 7ಕ್ಕೆ ಇಳಿಸಿದರು. ಹಳೆಯ ಅಂಕಿ ಕೆಲವೇ ಪ್ರಕರಣಗಳ ಮೇಲೆ ನಿಂತಿತ್ತು. ತೀರಿಕೊಂಡ ಕೂಸುಗಳ ವರದಿಯೇ ಹೆಚ್ಚಾಗಿ ಅಚ್ಚಾಗುತ್ತದೆ. ತಿದ್ದುಪಡಿ ನ್ಯಾಯವಾದದ್ದೇ. ಆದರೆ ಅದನ್ನು ಎಲ್ಲ ಊರಿಗೂ ಒಪ್ಪುವ ಸಮಾಧಾನವೆಂದು ಓದುವುದನ್ನು ನಾನು ಒಪ್ಪಲಾರೆ.

ಗಂಗಾವತಿ ಸೀಮೆಯ ಹನುಮನಹಳ್ಳಿಯಂಥ ಊರಿನಲ್ಲಿ ದಿನಗಳನ್ನು ಎಣಿಸಿ ನೋಡಬೇಕು. ಸಹಜ ಹೆರಿಗೆಯಾದರೆ ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ಬಾಣಂತಿಯನ್ನು ಮನೆಗೆ ಕಳಿಸುತ್ತಾರೆ. ಕೂಸಿಗೆ ತೀವ್ರ ರೋಗ ಕಾಣಿಸುವುದು 5ರಿಂದ 10ನೇ ದಿನದೊಳಗೆ, ಅಂದರೆ ತವರುಮನೆಯ ಬಾಣಂತಿ ಕೋಣೆಯಲ್ಲಿ. ಅಲ್ಲಿ ‘ಅಮ್ಮ ಬಂದಾಳ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಸೂಜಿ-ಗುಳಿಗೆ ಬೇಡವೆನ್ನುವ ಹಿರಿಯರೂ ಇರುತ್ತಾರೆ. ಈ ಆಚರಣೆಯನ್ನು ಹಳಿಯುವುದು ತರವಲ್ಲ. ಹೊರಗಿನವರನ್ನು ಹೊಸ್ತಿಲಲ್ಲೇ ತಡೆಯುವ ಆ ಸೊಪ್ಪು ಪಕ್ಕದ ಮನೆಯ ಗರ್ಭಿಣಿಯನ್ನು ಕಾಯುತ್ತದೆ. ಒಳಗಿರುವ ಕೂಸಿಗೆ ಮಾತ್ರ ಅಸೈಕ್ಲೊವಿರ್ ತಡವಾಗುತ್ತದೆ.

ಹಾಗಾಗಿ ಶೇ. 7 ಎಂಬುದನ್ನು ಇಲ್ಲಿ ಸರಾಸರಿ ಎಂದಲ್ಲ, ಕೆಳಗಿನ ಮಿತಿ ಎಂದು ಹಿಡಿಯುವುದು ಲೇಸು ಎನ್ನುತ್ತೇನೆ. ಇದು ಅಳತೆಯಿಂದ ಬಂದ ಮಾತಲ್ಲ, ದಿನಗಳ ಲೆಕ್ಕದಿಂದ ಬಂದದ್ದು. ತಾಯಿಯ ಗುಳ್ಳೆ ಹೆರಿಗೆ ವಾರ್ಡಿನಲ್ಲೇ ಗೊತ್ತಾಗಿ ಕೂಸಿಗೆ ಕೂಡಲೇ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ದರೆ ನನ್ನ ವಾದ ಅಷ್ಟರಮಟ್ಟಿಗೆ ಸಡಿಲಾಗುತ್ತದೆ. ಅದನ್ನು ಕೊಟ್ಟರೂ ಹಲವು ಕೂಸುಗಳಿಗೆ ಸೋಂಕು ತಗುಲುವುದುಂಟು, ರೋಗ ಮಾತ್ರ ಹಗುರವಾಗಿರುತ್ತದೆ. ಬೇನೆ ಬರುವ ಮೊದಲೇ ಗುಳ್ಳೆ ಒಣಗಿ ಹೊಪ್ಪಳೆಯಾದ ತಾಯಿಯ ಕೂಸು ಈ ಲೆಕ್ಕಕ್ಕೆ ಸೇರುವುದೇ ಇಲ್ಲ.

ಉಷ್ಣವಲಯದಲ್ಲಿ ಬಾಲ್ಯದಲ್ಲಿ ಈ ರೋಗ ಬಾರದೆ ಗರ್ಭ ಧರಿಸುವವರು ಶೀತದೇಶಗಳಿಗಿಂತ ಹೆಚ್ಚು. ನಮ್ಮ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಇದರ ಲಸಿಕೆ ಸೇರಿಲ್ಲ. ಕೊಪ್ಪಳದ ಹಳ್ಳಿಗಳಲ್ಲಿ ಅಂಥವರ ಪಾಲು ಎಷ್ಟೆಂಬುದು ರಕ್ತಪರೀಕ್ಷೆಯಿಂದಲೇ ತೀರ್ಮಾನವಾಗಬೇಕು. ಅಲ್ಲಿಯವರೆಗೆ ತಾಯಿ ಕಾರ್ಡಿನಲ್ಲಿ ಮೊದಲ ಗುಳ್ಳೆ ಕಂಡ ತಾರೀಖನ್ನು ಆಶಾ ಕಾರ್ಯಕರ್ತೆ ಬರೆದಿಟ್ಟರೂ ಶೇ. 7ರ ಪ್ರಶ್ನೆಗೆ ಇಲ್ಲಿನದೇ ಪುರಾವೆ ಕೂಡಿಬರುತ್ತದೆ.