ನೆರೆಹೊರೆಯ ಲೆಕ್ಕ

1888ರ ನವೆಂಬರಿನಲ್ಲಿ ಲಂಡನ್ನಿನ ಮಾನವಶಾಸ್ತ್ರ ಸಂಸ್ಥೆಯ ಸಭೆಯಲ್ಲಿ ಎಡ್ವರ್ಡ್ ಟೈಲರ್ ಒಂದು ಪ್ರಬಂಧವನ್ನೋದಿದರು. ಮುನ್ನೂರಕ್ಕೂ ಹೆಚ್ಚು ಜನಾಂಗಗಳ ಮದುವೆಯ ಕಟ್ಟಳೆಗಳನ್ನು ಪಟ್ಟಿಮಾಡಿ, ಯಾವ ಪದ್ಧತಿಯೊಡನೆ ಯಾವುದು ಕೂಡಿಬರುತ್ತದೆಂದು ಎಣಿಸಿ ತೋರಿಸಿದ್ದರು. ಅಧ್ಯಕ್ಷಪೀಠದಲ್ಲಿದ್ದವರು ಫ್ರಾನ್ಸಿಸ್ ಗಾಲ್ಟನ್. ಅವರೆತ್ತಿದ ಸಂದೇಹ ಇನ್ನೂ ಹಳತಾಗಿಲ್ಲ: ಈ ಜನಾಂಗಗಳು ಒಂದಕ್ಕೊಂದು ಸಂಬಂಧವಿಲ್ಲದವೆ? ನೆರೆಯವರನ್ನು ನೋಡಿ ಕಲಿತ ಪದ್ಧತಿಯಾದರೆ, ಹತ್ತು ಸಾಕ್ಷಿಗಳೆಂದು ಎಣಿಸಿದ್ದು ಒಂದೇ ಸಾಕ್ಷಿಯ ಹತ್ತು ಪ್ರತಿಗಳಾದಾವು!

ಈ ಪ್ರಸಂಗ ನೆನಪಾದಾಗಲೆಲ್ಲ, ಜಿಲ್ಲೆ ಜಿಲ್ಲೆಗಳ ಅಂಕಿಗಳನ್ನು ಮುಂದಿಟ್ಟುಕೊಂಡು ವಾದಿಸುವ ನನ್ನ ಉತ್ಸಾಹ ಕೊಂಚ ತಗ್ಗುತ್ತದೆ.

ನೆರೆಯ ಹೋಲಿಕೆಯನ್ನು ಅಳೆಯುವ ಗೋಲುಗಳು ಬಂದದ್ದು ಬಹಳ ತಡವಾಗಿ. 1950ರಲ್ಲಿ ಪ್ಯಾಟ್ರಿಕ್ ಮೋರಾನ್ ಒಂದನ್ನು ಕೊಟ್ಟರು. 1954ರಲ್ಲಿ ರಾಯ್ ಗಿಯರಿ ತಮ್ಮ ಐರ್ಲೆಂಡಿನ 26 ಕೌಂಟಿಗಳ ಮೇಲೆ ಇನ್ನೊಂದನ್ನು ಪ್ರಯೋಗಿಸಿದರು. ಆದರೆ ಇವು ಹೊಗೆಯನ್ನು ತೋರಿಸಿದವೇ ಹೊರತು ಬೆಂಕಿ ಯಾವುದೆಂದು ಹೇಳಲಿಲ್ಲ.

ಅಮೆರಿಕದ ಕೊಲಂಬಸ್ ನಗರದ 49 ಬಡಾವಣೆಗಳ ಅಂಕಿಗಳು ಈ ಶಾಸ್ತ್ರದವರಿಗೆಲ್ಲ ಪರಿಚಿತ. ಮನೆಗಳವು, ವಾಹನಗಳವುಗಳನ್ನು ಅಲ್ಲಿನವರ ಆದಾಯದಿಂದಲೂ ಮನೆಗಳ ಬೆಲೆಯಿಂದಲೂ ವಿವರಿಸಿದ ಮೇಲೆ ಉಳಿಯುವ ತಪ್ಪುಗಳು ಅಕ್ಕಪಕ್ಕದಲ್ಲೇ ಗುಂಪುಗೂಡುತ್ತವೆ. ಏಕೆ? ಒಂದು ಬಡಾವಣೆಯ ಕಳ್ಳತನವೇ ಪಕ್ಕದ್ದಕ್ಕೆ ಹರಡುತ್ತಿರಬಹುದು. ಇಲ್ಲವೆ, ನಾವು ಅಳೆಯದೆ ಬಿಟ್ಟ ಯಾವುದೋ ಕಾರಣ ಎರಡನ್ನೂ ಕಾಡುತ್ತಿರಬಹುದು. ಮೊದಲನೆಯದು ನಿಜವಾದರೆ ಸಾಮಾನ್ಯ ಲೆಕ್ಕದ ಉತ್ತರವೇ ವಾಲುತ್ತದೆ. ಎರಡನೆಯದಾದರೆ ಉತ್ತರ ಸರಾಸರಿಯಲ್ಲಿ ಸರಿಯೇ, ಅದರ ಮೇಲಿಡುವ ನಂಬಿಕೆಯ ಅಳತೆ ತಪ್ಪು. ಪೊಲೀಸರಿಗೂ ಇದು ಬರಿಯ ಪಾಂಡಿತ್ಯದ ಮಾತಲ್ಲ. ಒಂದು ಕಡೆ ಹಾಕಿದ ಗಸ್ತು ಪಕ್ಕದವರನ್ನೂ ಕಾಯುವುದು ಮೊದಲನೆಯ ಪಕ್ಷದಲ್ಲಿ ಮಾತ್ರ.

ಈ ಕವಲಿನಲ್ಲಿ ನೆರವಿಗೆ ಬಂದ ಪರೀಕ್ಷೆಯ ಮೂಲ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರೊಬ್ಬರದು. ಅಲ್ಲಿನ ಮಲ್ಲಿಗೆಯನ್ನು ಬಲ್ಲವರೆಲ್ಲ ಸಿ. ಆರ್. ರಾವ್ ಅವರನ್ನು ಬಲ್ಲರೆಂದು ನನಗನ್ನಿಸದು. 1920ರಲ್ಲಿ ತೆಲುಗು ಮನೆತನದಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಅವರು, ಕೇಂಬ್ರಿಜ್ಜಿನ ದಿನಗಳಲ್ಲಿ, 1948ರಲ್ಲಿ ಪ್ರಕಟಿಸಿದ ಉಪಾಯವಿದು: ಸರಳ ಮಾದರಿಯನ್ನಷ್ಟೇ ಹೊಂದಿಸಿ, ಅಲ್ಲಿ ನಿಂತು ಕಾಲಡಿಯ ಇಳಿಜಾರನ್ನು ನೋಡುವುದು. ನೆಲ ಹೆಚ್ಚುಕಡಿಮೆ ಸಮವಾಗಿದ್ದರೆ ಸರಳ ಮಾದರಿಯೇ ಸಾಕು. ಇನ್ನೂ ಕಡಿದಾಗಿ ಏರುತ್ತಿದ್ದರೆ ಶಿಖರ ಬೇರೆಡೆ ಇದೆ. ಕಷ್ಟದ ಮಾದರಿಯನ್ನು ಬಿಡಿಸುವ ಗೋಜೇ ಇಲ್ಲ. ಪ್ರಾದೇಶಿಕ ಅರ್ಥಮಾಪನದಲ್ಲಿ ಕಷ್ಟದ ಮಾದರಿಗಳು ಬಹಳ ಕಷ್ಟವಾದವು. ಆದ್ದರಿಂದ ಈ ಉಳಿತಾಯ ಸಣ್ಣದಲ್ಲ. ಮೋರಾನರ ಅಳತೆಯೂ ಒಳಗಿನಿಂದ ಇದೇ ಪರೀಕ್ಷೆಯೆಂದು 1980ರಲ್ಲಿ ಪೀಟರ್ ಬರಿಜ್ ತೋರಿಸಿದರು.

ತೊಡಕೊಂದು ಉಳಿಯಿತು. ಹರಡುವಿಕೆಗೆಂದು ಕಟ್ಟಿದ ಗಂಟೆ ಅಡಗಿದ ಕಾರಣಕ್ಕೂ ಬಾರಿಸುತ್ತಿತ್ತು, ಅದರದು ಇದಕ್ಕೂ. 1996ರಲ್ಲಿ ಲುಕ್ ಆನ್ಸೆಲಿನ್, ಅನಿಲ್ ಬೇರಾ, ಫ್ಲೋರಾಕ್ಸ್, ಯೂನ್ ಇವರು ಒಂದರ ಸದ್ದನ್ನು ಇನ್ನೊಂದರಿಂದ ಕಳೆಯುವ ತಿದ್ದುಪಡಿ ಕೊಟ್ಟರು. ಕೊಲಂಬಸ್ಸಿಗೆ ಹಚ್ಚಿದರೆ ತಿದ್ದುವ ಮುನ್ನ ಎರಡೂ ಬಾರಿಸುತ್ತವೆ. ತಿದ್ದಿದ ಮೇಲೆ ಅಡಗಿದ ಕಾರಣದ್ದು ಸುಮ್ಮನಾಗಿ, ಹರಡುವಿಕೆಯದು ಮಾತ್ರ, ಅದೂ ಅಂಚಿನಲ್ಲಿ, ಕೇಳಿಸುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಯಾರಿಗೆ ಯಾರು ನೆರೆಯೆಂಬ ಪಟ್ಟಿಯನ್ನು ನಾವೇ ಬರೆದುಕೊಡಬೇಕು. ಗಡಿ ತಾಗಿದವರೋ, ಇಷ್ಟು ಮೈಲಿಯ ಒಳಗಿನವರೋ? ಪಟ್ಟಿ ಬದಲಿಸಿದರೆ ತೀರ್ಪೂ ಬದಲಾಗಬಹುದು. ನಡುವೆ ಹೊಳೆಯಿದ್ದು ಸೇತುವೆಯಿಲ್ಲದ ಎರಡು ಊರುಗಳನ್ನು ನಾನಂತೂ ಯಾವ ಮನೆಯಲ್ಲಿ ಬರೆಯಲೆಂದು ತಿಳಿಯದೆ ಪೆನ್ಸಿಲ್ ಕಚ್ಚುತ್ತ ಕೂತಿದ್ದೇನೆ.