788 ಕೆರೆಗಳ ಕಾವಲು

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ್ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ಬಂದ ಎಂಜಿನಿಯರ್ ವಿಶ್ವೇಶ್ವರಯ್ಯನವರು ಮಳೆಯೊಂದನ್ನೇ ದೂರಿ ಸುಮ್ಮನಾಗಲಿಲ್ಲ. ನದಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಅಷ್ಟು ನೀರನ್ನು ಹೊರಹಾಕಲು ಅದರ ಕೋಡಿ ಸಾಲದು. ಕೆರೆ ಕಾಯುವ ನೀರಗಂಟಿ ಎಷ್ಟೇ ನಿಷ್ಠನಾಗಿರಲಿ, ಅವನ ಕಣ್ಣು ತನ್ನ ಕೋಡಿಯ ಮೇಲೆ. ಮೇಲಿನೂರಿನ ಏರಿಯಲ್ಲಿ ಬಿರುಕು ಬಿಟ್ಟದ್ದು ಅವನಿಗೆ ಕಾಣದು. ಒಂದೊಂದು ಕೆರೆಗೂ ಕಾವಲಿದ್ದು ಇಡೀ ಸರಣಿಗೆ ಕಾವಲಿಲ್ಲದ ವ್ಯವಸ್ಥೆ ಅದು.

ಅದೇ ಹೈದರಾಬಾದು ಈಗ ಸಾಫ್ಟ್‌ವೇರ್ ನಗರ. ಕಾವಲಿನ ಪ್ರಶ್ನೆ ಇಲ್ಲೂ ಇದೆ. ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸರಂಜಾಮಿನ ಸಮೇತ ಕಟ್ಟಿಡುವ ಕಂಟೇನರ್‌ಗಳು 2013ರಲ್ಲಿ ಡಾಕರ್ ಬಂದ ಮೇಲೆ ಎಲ್ಲೆಡೆ ಹಬ್ಬಿದವು. ಅವುಗಳನ್ನು ಕಾಯಲು ಬಹುವಾಗಿ ಬಳಕೆಯಲ್ಲಿರುವುದು 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಪ್ರೊಮೀಥಿಯಸ್ ತಂತ್ರಾಂಶ. ಅದರಲ್ಲಿ ಬರೆಯುವ ಒಂದು ಸಾಮಾನ್ಯ ನಿಯಮ ಹೀಗಿರುತ್ತದೆ: ಕಂಟೇನರಿನ ಮೆಮೊರಿ ಬಳಕೆ ಮಿತಿಯ ಶೇ. 90 ದಾಟಿ 5 ನಿಮಿಷ ಹಾಗೆಯೇ ಇದ್ದರೆ ಎಚ್ಚರಿಕೆ ಕೊಡು. ಈ ನಿಯಮ ತಪ್ಪಲ್ಲ. ಆದರೆ ನೂರಾರು ಕಂಟೇನರ್‌ಗಳಿಗೆ ಇದನ್ನೇ ಹಚ್ಚಿ ಕೈತೊಳೆದುಕೊಂಡರೆ ಮೂಸಿಯ ಕೆರೆಗಳ ಸ್ಥಿತಿಯೇ ಇಲ್ಲಿಯೂ ಬರುತ್ತದೆ.

ಕೆರೆ ಒಡೆದರೆ ಹೋಯಿತು, ಕಂಟೇನರ್ ಸತ್ತರೆ ಅವುಗಳನ್ನು ನಿರ್ವಹಿಸುವ ಕುಬರ್ನೆಟಿಸ್ ತಂತ್ರಾಂಶ ಮತ್ತೆ ಎಬ್ಬಿಸುತ್ತದೆ, ಹೋಲಿಕೆ ಸಲ್ಲದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದು ನನ್ನ ವಾದಕ್ಕೇ ಬಲ ಕೊಡುತ್ತದೆ: ತಾನಾಗಿ ಏಳುವ ಒಂದು ಕಂಟೇನರಿಗಾಗಿ ನಡುರಾತ್ರಿ ಎಂಜಿನಿಯರನ್ನು ಎಬ್ಬಿಸಬೇಕಿಲ್ಲ. ಒಂದು ಬಿದ್ದಾಗ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದಲ್ಲ, ಕಾಯಬೇಕಾದದ್ದು ಅದನ್ನು. ಬಳಕೆದಾರರ ಎಷ್ಟು ಕೋರಿಕೆಗಳು ವಿಫಲವಾಗುತ್ತಿವೆ, ಉತ್ತರ ಎಷ್ಟು ತಡವಾಗುತ್ತಿದೆ ಎಂಬುದರ ಮೇಲೆ ಮೊದಲ ನಿಯಮ ಇರಬೇಕು. 1908ರಂಥ ಮಳೆಯನ್ನು ಯಾವ ನಿಯಮವೂ ತಡೆಯದು ಎನ್ನುವವರೂ ಇದ್ದಾರೆ. ನಿಜ, ಕಾವಲಿನಿಂದಲೇ ನೆರೆ ನಿಲ್ಲುವುದಿಲ್ಲ. ಅದಕ್ಕೇ ವಿಶ್ವೇಶ್ವರಯ್ಯನವರು ಇಡೀ ಜಲಾನಯನವನ್ನು ಒಂದಾಗಿ ಲೆಕ್ಕ ಹಾಕಿ, ನಗರದ ಮೇಲ್ಗಡೆ ನೀರನ್ನು ಹಿಡಿದಿಡುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಿಯಮ ಬರೆಯಲು ಕೂರುವವರು ಮೊದಲು ಯಾವ ಸೇವೆಯ ಹೊರೆ ಯಾವುದಕ್ಕೆ ಹರಿಯುತ್ತದೆ ಎಂಬ ನಕ್ಷೆ ಬರೆದುಕೊಳ್ಳಲಿ, ಶೇ. 90ರ ಗೆರೆ ಆಮೇಲೆ ಎಳೆಯಬಹುದು.